ಮೂಸಿ ನೋಡುವವರ ಪರವಾಗಿ ಸತೀಶನಿಗೊಂದು ಪತ್ರ

ಪ್ರಿಯ ಸತೀಶ,

ವೈನ್ ರುಚಿ ನೋಡುವ ನಮ್ಮ ಗುಂಪಿನ ಬಗ್ಗೆ ನೀನು ಕಳಿಸಿದ ಮೆಸೇಜು ಓದಿ ನಮ್ಮನೆಯಲ್ಲಿ ಎಲ್ಲರೂ ನಕ್ಕರು. "ದುಡ್ಡು ಕೊಟ್ಟು ತಂದಿದ್ದನ್ನ ಮೂಸಿ, ಬಾಯಲ್ಲಿ ಹೊರಳಿಸಿ ಉಗಿಯೋಕೆ ಎಂಟು ಜನ ಬೇಕಾ ಮಾರಾಯ?" ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಹೊರಟರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಕೇಳುವವರು ಇನ್ನೂ ಬೇಕಾದಷ್ಟು ಜನ ಇದ್ದಾರೆ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ. ಬೇಜಾರು ಮಾಡ್ಕೋಬೇಡ.

ಮೊದಲು ಉಗಿಯುವ ವಿಷಯ ಮುಗಿಸಿಬಿಡೋಣ. ಎಂಟು ಜನ, ಐದು ಬಾಟಲಿ. ಒಬ್ಬೊಬ್ಬರಿಗೆ ಒಂದೊಂದರಿಂದ 40 ಮಿಲಿ ಬಗ್ಗಿಸಿದರೂ ತಲಾ 200 ಮಿಲಿ ಆಯಿತು. ವೈನಿನಲ್ಲಿ ಸಾಮಾನ್ಯವಾಗಿ ಶೇ. 12ರಿಂದ 14ರಷ್ಟು ಮದ್ಯಸಾರ ಇರುತ್ತದೆ. ಅಷ್ಟನ್ನೂ ನುಂಗಿದರೆ ಮೂರನೆಯದರ ಹೊತ್ತಿಗೇ ನಾಲಿಗೆ ಮೊಂಡಾಗಿ, ಐದನೆಯದು ಯಾವುದಿದ್ದರೂ ಅಮೃತ ಅನ್ನಿಸುತ್ತದೆ. ಮೊದಲನೆಯದಕ್ಕೆ ಸಿಕ್ಕ ನ್ಯಾಯ ಕೊನೆಯದಕ್ಕೂ ಸಿಗಬೇಕಲ್ಲ? ಒಂದು 750 ಮಿಲಿ ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದೇ ಇರುತ್ತದೆ, ಮೆಚ್ಚಿದ್ದನ್ನು ಊಟಕ್ಕೆ ಕೂತಾಗ ಧಾರಾಳವಾಗಿ ಕುಡಿಯುತ್ತೇವೆ. ಆದ್ದರಿಂದ ನಿನ್ನ ಕನಿಕರ ನಮಗೆ ಬೇಡ.

ನಮ್ಮಲ್ಲಿ ಪಂಡಿತರು ಯಾರೂ ಇಲ್ಲ. ಒಬ್ಬರು ಬ್ಯಾಂಕಿನವರು, ಒಬ್ಬರು ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರು, ಒಂದು ಗಂಡ-ಹೆಂಡತಿ ಜೋಡಿ, ಮಿಕ್ಕವರು ನನ್ನಂಥವರು. ಇರುವುದು ಎರಡೇ ಕಟ್ಟಳೆ. ಬಾಟಲಿಗಳಿಗೆ ಹಳೇ ಪೇಪರು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ನಂಬರು ಬರೆಯಬೇಕು; ಸುತ್ತಿದವರು ಬಗ್ಗಿಸುವ ಹಾಗಿಲ್ಲ. ಇನ್ನೊಂದು, ಎಲ್ಲರೂ ತಮ್ಮ ತಮ್ಮ ಚೀಟಿಯಲ್ಲಿ ಬರೆದು ಮುಗಿಸುವ ತನಕ ಯಾರೂ ತುಟಿ ಬಿಚ್ಚುವ ಹಾಗಿಲ್ಲ. ಎರಡನೆಯದೇ ಕಷ್ಟ. ಆದರೆ ಅದಿಲ್ಲದಿದ್ದರೆ ಈ ಆಟಕ್ಕೆ ಅರ್ಥವೇ ಇಲ್ಲ. ಗಂಟಲು ದೊಡ್ಡದಿರುವ ಒಬ್ಬ "ಸ್ಟ್ರಾಬೆರಿ!" ಅಂದುಬಿಟ್ಟರೆ ಮುಗಿಯಿತು, ಜನ್ಮದಲ್ಲಿ ಸ್ಟ್ರಾಬೆರಿ ಮೂಸದವರಿಗೂ ಅದೇ ಬಡಿಯುತ್ತದೆ.

ಬಲ್ಲವರೂ ಇದಕ್ಕೆ ಹೊರತಲ್ಲ. 1976ರ ಮೇ 24ರಂದು ಸ್ಟೀವನ್ ಸ್ಪರಿಯರ್ ಅನ್ನುವ ಇಂಗ್ಲಿಷ್ ವೈನ್ ವ್ಯಾಪಾರಿ ಪ್ಯಾರಿಸ್‌ನಲ್ಲಿ ಒಂದು ಪರೀಕ್ಷೆ ಇಟ್ಟ. ಫ್ರಾನ್ಸಿನ ಹೆಸರಾಂತ ವೈನುಗಳು, ಆಗಿನ್ನೂ ಯಾರೂ ಲೆಕ್ಕಕ್ಕಿಟ್ಟುಕೊಳ್ಳದ ಕ್ಯಾಲಿಫೋರ್ನಿಯಾದ ವೈನುಗಳು, ಎರಡನ್ನೂ ಹೆಸರು ಮರೆಮಾಡಿ ಕೊಟ್ಟ. ಅಂಕ ಹಾಕಿದ ಒಂಬತ್ತೂ ಜನ ಫ್ರೆಂಚರೇ, ಅದೇ ಕಸುಬಿನಲ್ಲಿ ಪಳಗಿದವರು. ಬಿಳಿಯದರಲ್ಲಿ ಮೊದಲು ಬಂದದ್ದು ಶಾಟೊ ಮಾಂಟೆಲೀನಾದ 1973ರ ಶಾರ್ಡನೆ, ಕೆಂಪಿನಲ್ಲಿ ಸ್ಟ್ಯಾಗ್ಸ್ ಲೀಪ್‌ನ 1973ರ ಕ್ಯಾಬರ್ನೆ. ಎರಡೂ ಕ್ಯಾಲಿಫೋರ್ನಿಯಾದವು! ಅಲ್ಲಿದ್ದ ಒಬ್ಬರಂತೂ ಕ್ಯಾಲಿಫೋರ್ನಿಯಾದ್ದನ್ನೇ ಬಾಯಿಗಿಟ್ಟುಕೊಂಡು, ಸದ್ಯ ಮತ್ತೆ ಫ್ರಾನ್ಸಿಗೆ ಬಂದೆವು ಅಂತ ಸಮಾಧಾನಪಟ್ಟರಂತೆ. 2001ರಲ್ಲಿ ಫ್ರಾನ್ಸಿನ ಬೋರ್ಡೊದಿಂದ ಇನ್ನೂ ಒಂದು ತಮಾಷೆ ಹೊರಬಿತ್ತು. ಫ್ರೆಡೆರಿಕ್ ಬ್ರೋಶೆ ಎಂಬ ಸಂಶೋಧಕ, ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳ ಮುಂದೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಇಟ್ಟ. ಅವರು ಅದರ ಪರಿಮಳವನ್ನು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ವರ್ಣಿಸಿದರು. ಇದನ್ನು ಓದಿದವರು "ನೋಡಿ, ವೈನ್ ರುಚಿ ಅನ್ನೋದೆಲ್ಲ ಬರೀ ಬುರುಡೆ" ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮೂಗಿಗಿಂತ ಮೊದಲು ಕಣ್ಣು ತೀರ್ಪು ಬರೆದುಬಿಡುತ್ತದೆ, ಅಷ್ಟೇ. ಕಣ್ಣಿಗೆ ಸ್ವಲ್ಪ ಹೊತ್ತು ಕೆಲಸ ಇಲ್ಲದ ಹಾಗೆ ಮಾಡಿದರೆ ಮೂಗಿಗೆ ಮಾತಾಡಲು ಬಿಡುವು ಸಿಗುತ್ತದೆ.

ಇನ್ನು ಜಗಳದ ವಿಷಯ. ನಿನಗೆ ಇದೇ ಹೆಚ್ಚು ಇಷ್ಟವಾಗುತ್ತದೆ ಅಂತ ಗೊತ್ತು. ಆಸ್ಟ್ರೇಲಿಯಾದಿಂದ ಬಂದ ನೆಂಟರೊಬ್ಬರು ವಿಕ್ಟೋರಿಯಾ ಪ್ರಾಂತ್ಯದ ಶಿರಾಜ್ ಅನ್ನುವ ಕೆಂಪು ವೈನ್ ತಂದುಕೊಟ್ಟಿದ್ದರು. ಚೀಟಿ ಬಿಚ್ಚಿದಾಗ ನಮ್ಮ ಜೋಡಿಯಲ್ಲಿ ಹೆಂಡತಿ "ಕಾಳುಮೆಣಸು, ಆಗ ತಾನೇ ಕುಟ್ಟಿದ್ದು" ಅಂತ ಬರೆದಿದ್ದಾಳೆ, ಗಂಡನ ಚೀಟಿಯಲ್ಲಿ "ಪ್ಲಮ್, ಬೇರೇನೂ ಇಲ್ಲ". ಅವಳು ಎಲ್ಲೋ ಓದಿಕೊಂಡು ಬಂದು ಬರೆದಿದ್ದಾಳೆ ಅಂತ ಇವನು, ಇವನಿಗೆ ನೆಗಡಿ ಅಂತ ಅವಳು. ಮೇಷ್ಟ್ರು ಇಬ್ಬರನ್ನೂ ಸುಮ್ಮನಾಗಿಸಿದರು. ಶಿರಾಜ್‌ನಲ್ಲಿ ಮೆಣಸಿನ ವಾಸನೆ ಬರುವುದು ರೋಟಂಡೋನ್ ಅನ್ನುವ ವಸ್ತುವಿನಿಂದ. ನಮ್ಮ ಕಾಳುಮೆಣಸಿನಲ್ಲಿ ಇರುವುದೂ ಅದೇ. ಅದನ್ನು ಗುರುತಿಸಿದ ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇನ್ನೊಂದು ಸಂಗತಿಯೂ ಇದೆ. ಅವರ ಪರೀಕ್ಷೆಗೆ ಕೂತವರಲ್ಲಿ ಸುಮಾರು ಐವರಿಗೊಬ್ಬರಿಗೆ, ಎಷ್ಟು ಗಾಢವಾಗಿ ಕೊಟ್ಟರೂ ಆ ವಾಸನೆ ತಿಳಿಯಲೇ ಇಲ್ಲ. ಹಾಗಾದರೆ ಆತನಿಗೆ ಸಾರಿನಲ್ಲಿ ಮೆಣಸು ಹೇಗೆ ಗೊತ್ತಾಗುತ್ತದೆ ಅನ್ನುತ್ತೀಯ? ಮೆಣಸಿನಲ್ಲಿ ಬೇರೆ ಘಾಟೂ ಇದೆ, ಖಾರವೂ ಇದೆ. ಆ ರಾತ್ರಿ ಗಂಡ-ಹೆಂಡತಿ ಇಬ್ಬರೂ ಗೆದ್ದರು. ಸುಳ್ಳು ಹೇಳದ ಇಬ್ಬರು ಒಂದೇ ಲೋಟದಿಂದ ಬೇರೆ ಬೇರೆ ವೈನ್ ಕುಡಿಯಬಹುದು ಅಂತ ನನಗೆ ತಿಳಿದದ್ದು ಆವತ್ತು. ಪುಸ್ತಕ ಹೇಳಿದ ವಾಸನೆ ನಿನಗೆ ಬರಲಿಲ್ಲ ಅಂತ ಕುಗ್ಗಬೇಕಾಗಿಲ್ಲ. ಬಾರದಿದ್ದನ್ನು ಬಂತು ಅಂತ ಬರೆಯಬಾರದು, ಅಷ್ಟು ಸಾಕು.

ನಿನಗಂತೂ ನಮಗಿಂತ ಸುಲಭ. ಕೆಂಪು ವೈನಿನ ಒಗರು ತಿಳಿಸಲು ನಾವಿಲ್ಲಿ ಹಾಲಿಲ್ಲದ ಕಡು ಚಹಾ ಮಾಡಿ ಕುಡಿಸುತ್ತೇವೆ. ನೀನು ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಹಂಡೆಯ ಪಕ್ಕ ಬೆಳೆದವನು. ಚೊಗರು ನಾಲಿಗೆಗೆ ತಾಗಿದರೆ ಒಸಡು ಹೇಗೆ ಹಿಡಿದುಕೊಳ್ಳುತ್ತದೆ ಗೊತ್ತಲ್ಲ? ಸಿಪ್ಪೆ, ಬೀಜದ ಜೊತೆ ಹುದುಗಿಸಿದ ಕೆಂಪು ವೈನು ಹಿಡಿಯುವುದೂ ಹಾಗೆಯೇ. ಎರಡರಲ್ಲೂ ಕೆಲಸ ಮಾಡುವುದು ಟ್ಯಾನಿನ್.

ನಮ್ಮ ಕಡೆಯದನ್ನೂ ಇಡುತ್ತೇವೆ, ಇಡದೆ ಏನು. ನಂದಿ ಬೆಟ್ಟದ ಬುಡದಲ್ಲಿ ಗ್ರೋವರ್‌ನವರು 1988ರಲ್ಲಿ ಶುರು ಮಾಡಿದ ತೋಟದ್ದು, ಹಂಪಿ ಕಡೆಯ ಕ್ರಸ್ಮಾದ್ದು, ನಾಸಿಕ್‌ನ ಸುಲಾದ್ದು. ಫ್ರಾನ್ಸಿನ ಬಳ್ಳಿ ಚಳಿಗಾಲ ಪೂರ್ತಿ ಎಲೆ ಉದುರಿಸಿ ಮಲಗುತ್ತದೆ. ಇಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಅದಕ್ಕೇ ನಮ್ಮ ರೈತರು ವರ್ಷಕ್ಕೆ ಎರಡು ಸಲ ಚಾಟನಿ ಮಾಡಿ, ಅಂದರೆ ಬಳ್ಳಿ ಕತ್ತರಿಸಿ, ಒಂದೇ ಬೆಳೆ ತೆಗೆಯುತ್ತಾರೆ, ಬೇಸಿಗೆ ಕಾಲಿಡುವ ಹೊತ್ತಿಗೆ ಕೊಯ್ಲು. ಕ್ಯಾಬರ್ನೆ ದ್ರಾಕ್ಷಿ ಸರಿಯಾಗಿ ಮಾಗದಿದ್ದರೆ ವೈನಿನಲ್ಲಿ ಹಸಿ ದಪ್ಪ ಮೆಣಸಿನಕಾಯಿ ಸೀಳಿದ ವಾಸನೆ ಉಳಿದುಬಿಡುತ್ತದೆ. ಇದನ್ನು ಮಾತ್ರ ನಮ್ಮ ಗುಂಪಿನಲ್ಲಿ ಎಲ್ಲರೂ ಹಿಡಿಯುತ್ತಾರೆ, ಉಪ್ಪಿಟ್ಟಿಗೆ ದಿನಾ ಹೆಚ್ಚುವವರಲ್ಲವೇ.

ಪೇಪರು ಸುತ್ತಿದರೂ ಅಡಗದ್ದು ಒಂದೇ: ಬೆಂಗಳೂರು ಬ್ಲೂ. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ ನಮ್ಮ ಕಪ್ಪು ದ್ರಾಕ್ಷಿ. ಅಗ್ಗದ ಸಿಹಿ ಪೋರ್ಟ್ ವೈನ್ ಆಗುವುದು ಅದರಿಂದಲೇ, ಇಲ್ಲಿನ ಎಷ್ಟೋ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಜಾಡಿಯಲ್ಲಿ ಹಾಕಿಡುವ ವೈನೂ ಅದರದ್ದೇ. ಅದಕ್ಕೆ ಅಮೆರಿಕದ ಕಾಡುದ್ರಾಕ್ಷಿಯ ನಂಟಿದೆ; ಅಲ್ಲಿಂದ ಬಂದ ಮೀಥೈಲ್ ಆಂಥ್ರನಿಲೇಟ್ ಅನ್ನುವ ವಸ್ತುವಿನ ವಾಸನೆ ದ್ರಾಕ್ಷಿ ಚಾಕಲೇಟಿನಲ್ಲೂ ಇರುತ್ತದೆ. ಲೋಟ ಎತ್ತುವ ಮೊದಲೇ ಗೊತ್ತಾಗಿಬಿಡುತ್ತದೆ. ಓದಿಕೊಂಡವರು ಮೂಗು ಮುರಿಯುತ್ತಾರೆ. ಆದರೆ ನಮ್ಮ ಬ್ಯಾಂಕಿನವರು ಪ್ರತಿ ಸಲ ಅದಕ್ಕೇ ಮೊದಲ ಸ್ಥಾನ ಕೊಡುತ್ತಾರೆ. ಮುಖ ನೋಡದೆ ಕೊಟ್ಟ ಮತ, ಅದನ್ನು ಯಾರೂ ತಿದ್ದುವುದಿಲ್ಲ.

ನೀನೂ ಅಲ್ಲಿ ಮಾಡುವುದಾದರೆ ಎರಡು ಮಾತು. ವೈನ್ ಶಾಪಿನಲ್ಲಿ ವೈನು ಇರುವುದು ಸಾಮಾನ್ಯವಾಗಿ ಮೇಲಿನ ಅಟ್ಟದಲ್ಲಿ, ಟ್ಯೂಬ್‌ಲೈಟಿನ ಪಕ್ಕ, ಧೂಳು ಹೊತ್ತು. ಬಿಸಿಲು ಬೀಳುವ ಕಡೆ ನಿಂತದ್ದನ್ನು ತರಬೇಡ. ಹಾಗೇ, ಕೆಂಪು ವೈನನ್ನು ತಣ್ಣಗೆ ಮಾಡಬಾರದು ಅನ್ನುವ ಮಾತನ್ನು ನಂಬಬೇಡ. ಅದು 16-18 ಡಿಗ್ರಿ ಇರುವ ತಣ್ಣನೆ ಮನೆಗಳವರ ಮಾತು, ನಮ್ಮ ಏಪ್ರಿಲ್ಲಿನ ನಡುಮನೆಯದ್ದಲ್ಲ. ಅರ್ಧ ಗಂಟೆ ಫ್ರಿಜ್ಜಿನಲ್ಲಿಡು. ರುಚಿ ನೋಡುವಾಗ ಕುರುಕಲಿಗೆ ಖಾರದ್ದು ಏನೂ ಬೇಡ, ಮದ್ಯಸಾರ ಖಾರವನ್ನು ಏರಿಸುತ್ತದೆ. ರುಚಿ ನೋಡಿ ಮುಗಿದ ಮೇಲೆ ಕೋಡುಬಳೆಯ ಜೊತೆ ಸ್ವಲ್ಪ ಸಿಹಿ ಇರುವ ಶೆನಿನ್ ಬ್ಲಾಂಕ್ ಅನ್ನುವ ಬಿಳಿ ವೈನ್ ತೆಗೆ, ಆಮೇಲೆ ನನಗೆ ಫೋನು ಮಾಡು.

ಮುಂದಿನ ತಿಂಗಳು ಹೇಗೂ ಬರುತ್ತೀಯಲ್ಲ, ಶನಿವಾರ ಉಳಿದುಕೋ. ಸೆಂಟು ಹಾಕಿಕೊಂಡು ಬರಬೇಡ, ಎಲ್ಲರ ಮೂಗೂ ಕೆಡುತ್ತದೆ. ಮಧ್ಯಾಹ್ನದ ಮೇಲೆ ಎಲೆ-ಅಡಿಕೆಯೂ ಇಲ್ಲ, ಕಷ್ಟ ಅಂತ ಗೊತ್ತು. ಬಸ್ಸಿನಲ್ಲೇ ಬಾ, ಕಾರು ಬೇಡ. ತೋಟದ ಮೆಣಸು ಒಂದು ಹಿಡಿ ತಾ, ಆ ಐವರಲ್ಲೊಬ್ಬ ನೀನೋ ಅಲ್ಲವೋ ನೋಡಿಬಿಡೋಣ. ಅತ್ತಿಗೆಯನ್ನೂ ಕರೆದುಕೊಂಡು ಬಾ. ಹಾಲು ಒಡೆಯುವ ಮೊದಲೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳುವವರು ಅವರು. ನೀನು ಬರದಿದ್ದರೂ ನಡೆಯುತ್ತದೆ, ಅವರು ಬರಲೇಬೇಕು ಅಂತ ನಮ್ಮ ಮೇಷ್ಟ್ರ ಅಪ್ಪಣೆ.

ನಿನ್ನ,
ಗುರು