ದೋಸ್ತಾ, ನಿನಗೆ ಅಲ್ಲಿ ವೋಟು ಇದೆ

ಪ್ರೀತಿಯ ದೋಸ್ತಾ,

ಡಬ್ಲಿನ್‌ನಲ್ಲಿ ವೋಟು ಹಾಕಿ ಬಂದೆ ಅಂತ ನೀನು ಹೇಳಿದಾಗ ನಾನು ನಂಬಿರಲಿಲ್ಲ. ಪಾಸ್‌ಪೋರ್ಟ್ ಇನ್ನೂ ನಮ್ಮದೇ. ಆದರೂ 2024ರ ಜೂನ್‌ನಲ್ಲಿ ಅಲ್ಲಿನ ನಗರ ಕೌನ್ಸಿಲ್‌ಗೆ ನಿನ್ನ ವೋಟೂ ಬಿತ್ತು. ಸಂಸತ್ತಿಗೆ ಇಲ್ಲ, ಊರಿನ ಆಡಳಿತಕ್ಕೆ ಮಾತ್ರ. ಅದಕ್ಕೆ ಐರ್ಲೆಂಡಿನಲ್ಲಿ ವಾಸವಿದ್ದರೆ ಸಾಕು, ಯಾವ ದೇಶದವನು ಅಂತ ನೋಡುವುದಿಲ್ಲ. ನೀನು ನಡೆಯುವ ಫುಟ್‌ಪಾತು, ನಿನ್ನ ಬೀದಿಯ ದೀಪ. ನೀನೂ ಕೇಳಬೇಕಾದದ್ದೇ ಅಲ್ವಾ?

ಇಲ್ಲಿ ಬೆಳಗಾವಿಯ ಟಿಳಕವಾಡಿಯ ಗಾಡಿ ಮುಂದೆ ನೂಡಲ್ಸ್ ತಿನ್ನುತ್ತಾ ಗೆಳೆಯರಿಗೆ ಇದನ್ನು ಹೇಳಿದೆ. ಎಲ್ಲರಿಗೂ ಖುಷಿ. "ಅಲ್ಲಿ ದುಡಿದು ಟ್ಯಾಕ್ಸ್ ಕಟ್ತಾನ, ಕೊಡಬೇಕು ಬಿಡು" ಅಂದರು. ಹಾಗಾದರೆ ಇಲ್ಲಿ ಬಾಣಲೆ ಹಿಡಿದಿರುವ ನೇಪಾಳದ ಹುಡುಗನಿಗೂ ಕೊಡೋಣವೇ ಅಂದೆ. ಯಾರೂ ಮಾತಾಡಲಿಲ್ಲ. ಭಾರತ-ನೇಪಾಳದ 1950ರ ಒಪ್ಪಂದದಿಂದ ಅವನು ಇಲ್ಲಿ ಇರಬಹುದು, ದುಡಿಯಬಹುದು. ಆದರೆ ನಮ್ಮ ಸಂವಿಧಾನದ 326ನೇ ವಿಧಿ ಲೋಕಸಭೆ, ವಿಧಾನಸಭೆಯ ವೋಟನ್ನು ನಾಗರಿಕರಿಗೆ ಮಾತ್ರ ಕೊಟ್ಟಿದೆ. ಪಾಲಿಕೆಯ ಮತದಾರರ ಪಟ್ಟಿಯೂ ವಿಧಾನಸಭೆಯ ಪಟ್ಟಿಯಿಂದಲೇ ಬರುವುದು.

ಒಂದು ಮಾತು ನಿನಗೆ ಹೇಳಲೇಬೇಕು, ಎಲ್ಲರೂ ಓದಿದರೂ ಪರವಾಗಿಲ್ಲ. ಆಗ ನನ್ನ ತಲೆಗೆ ಮೊದಲು ಬಂದದ್ದು ಆ ಹುಡುಗನ ಹಕ್ಕಲ್ಲ. ಅವನ ವೋಟು ಕನ್ನಡದ ಕಡೆ ಬೀಳುತ್ತದೋ ಮರಾಠಿ ಕಡೆಗೋ ಅನ್ನುವ ಲೆಕ್ಕ. ಬೆಳಗಾವಿಯಲ್ಲಿ ಬೆಳೆದ ನಮಗೆ ಆ ಲೆಕ್ಕ ಯಾರೂ ಕಲಿಸಬೇಕಾಗಿಲ್ಲ. 2021ರಲ್ಲಿ ಪಕ್ಷಗಳು ತಮ್ಮ ಚಿಹ್ನೆ ಹಿಡಿದು ಪಾಲಿಕೆ ಚುನಾವಣೆಗೆ ಇಳಿಯುವ ತನಕ, ಗೆದ್ದದ್ದು ಕನ್ನಡವೋ ಮರಾಠಿಯೋ ಅಂತಲೇ ಕೇಳುತ್ತಿದ್ದೆವು. ಎದುರಿಗೆ ಬೆಂಕಿಯ ಮುಂದೆ ಒಬ್ಬ ಬೆವರುತ್ತಿದ್ದಾನೆ, ನನಗೆ ಅವನು ಬರೀ ಒಂದು ಅಂಕಿಯಾಗಿ ಕಂಡ. ಅದು ಇನ್ನೂ ಕೊರೆಯುತ್ತಿದೆ.

ಈ ಅಂಜಿಕೆ ನಮ್ಮೂರಿಗಷ್ಟೇ ಅಲ್ಲ. ಲಕ್ಸೆಂಬರ್ಗ್‌ನಲ್ಲಿ ಸುಮಾರು ಅರ್ಧ ಜನ ಹೊರದೇಶದವರು. ಅವರಿಗೂ ಸಂಸತ್ತಿನ ವೋಟು ಕೊಡಬೇಕೇ ಅಂತ 2015ರಲ್ಲಿ ಜನಮತ ಕೇಳಿದರೆ ನೂರಕ್ಕೆ 78 ಮಂದಿ ಬೇಡ ಅಂದರು. ನ್ಯೂಜಿಲೆಂಡ್ 1975ರಿಂದಲೇ ಕಾಯಂ ವಾಸಿಗಳಿಗೆ ಸಂಸತ್ತಿನ ವೋಟನ್ನೇ ಕೊಟ್ಟಿದೆ. ಅದರಿಂದ ಆ ದೇಶ ಮುಳುಗಿಲ್ಲ.

ವರ್ಷಗಟ್ಟಲೆ ಇಲ್ಲೇ ಬಾಳಿದವನಿಗೆ ವಾರ್ಡಿನ ವೋಟನ್ನಾದರೂ ಕೊಡಬೇಕು ಅಂತ ನನಗೆ ಅನ್ನಿಸುತ್ತದೆ. ಅಂಜಿಕೆ ಹೋಗಿಲ್ಲ, ಆದರೂ ಅನ್ನಿಸುತ್ತದೆ. ನಳಕ್ಕೆ ನೀರು ಬರದ ದಿನ ಅವನ ಕೊಡವೂ ಖಾಲಿಯೇ.

ಸಾಕು, ಜಾಸ್ತಿ ಹೇಳಿಬಿಟ್ಟೆ. ದೀಪಾವಳಿಗೆ ಬಾ. ಕುಂದಾ ತಂದಿಟ್ಟು, ನಮ್ಮ ಕ್ಯಾಂಪ್ ಏರಿಯಾದಲ್ಲಿ ಕೂತು ಇದೇ ವಿಷಯಕ್ಕೆ ಬೆಳಗಿನ ತನಕ ಜಗಳ ಆಡೋಣ. ಬಿಲ್ಲು ಮಾತ್ರ ನೀನೇ ಕೊಡಬೇಕು.

ನಿನ್ನ ದೋಸ್ತ