ತಡೆಗೋಡೆಯ ಎಸ್ಟಿಮೇಟ್ ಬದಲಾಗಿದೆ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಆತ್ಮೀಯ ಗ್ರಾಹಕರೇ,

ಸುತ್ತಿಬಳಸದೆ ಹೇಳಿಬಿಡುತ್ತೇವೆ. ಇನ್ನು ಮುಂದೆ ನಾವು ಕೊಡುವ ತಡೆಗೋಡೆಯ (ಹಿಂದಿನ ಮಣ್ಣು ಕುಸಿಯದಂತೆ ಹಿಡಿಯುವ ಗೋಡೆಯ) ಎಸ್ಟಿಮೇಟ್‌ನಲ್ಲಿ ‘ನೀರು ಬಸಿಯುವ ವ್ಯವಸ್ಥೆ’ ಎಂಬ ಸಾಲು ಬೇರೆಯಾಗಿ ಇರುವುದಿಲ್ಲ. ಗೋಡೆಯ ಬೆನ್ನಿಗೆ ತುಂಬುವ ಜಲ್ಲಿ, ನೀರು ಬಿಟ್ಟು ಮಣ್ಣು ತಡೆಯಲು ಅದಕ್ಕೆ ಸುತ್ತುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ತಳದ ತೂತಿನ ಪೈಪು, ವೀಪ್ ಹೋಲ್ (ನೀರು ಹೊರಬರಲು ಗೋಡೆಯಲ್ಲಿ ಬಿಡುವ ತೂತು), ಮೇಲ್ಗಡೆಯ ಕಾಲುವೆ, ಇಷ್ಟೂ ಸೇರಿದರೇ ನಮ್ಮ ಲೆಕ್ಕದಲ್ಲಿ ಗೋಡೆ. ‘ಅದೊಂದು ಐಟಂ ತೆಗೆದು ರೇಟು ಹೇಳಿ’ ಎಂದರೆ ಇನ್ನು ನಮ್ಮಿಂದ ಆಗುವುದಿಲ್ಲ.

ಹಾಗಾಗಿ ಕೊನೆಯ ಸಾಲಿನ ಮೊತ್ತ ಮೊದಲಿಗಿಂತ ದೊಡ್ಡದಾಗಿ ಕಾಣುತ್ತದೆ. ಹಳೆಯ ಗ್ರಾಹಕರೊಬ್ಬರು ಫೋನ್ ಮಾಡಿ ‘ನೀವೂ ಶುರು ಮಾಡಿದಿರಾ?’ ಎಂದು ಕೇಳಿಯೂ ಆಯಿತು. ನಮ್ಮನ್ನು ಮೊದಲಿನಿಂದ ಬಲ್ಲವರ ಬಾಯಲ್ಲಿ ಆ ಮಾತು ಕೇಳಿ ಬೇಸರವಾಯಿತು. ಪತ್ರ ಇಷ್ಟು ಉದ್ದವಾಗಿರುವುದು ಅದಕ್ಕೇ.

ಈಗಾಗಲೇ ಸಹಿಯಾಗಿರುವ ಕೆಲಸಗಳ ದರದಲ್ಲಿ ಒಂದು ಪೈಸೆಯ ವ್ಯತ್ಯಾಸವೂ ಇಲ್ಲ. ಅದರ ಬಗ್ಗೆ ಚಿಂತೆ ಬೇಡ.

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇವೆ. ಕಳೆದ ಮಳೆಗಾಲದಲ್ಲಿ ನಾವೇ ಕಟ್ಟಿದ ಒಂದು ಗೋಡೆ ಮುಂದಕ್ಕೆ ವಾಲಿತು. ಮನೆಯವರು ಖರ್ಚು ಹೆಚ್ಚಾಯಿತೆಂದು ಜಲ್ಲಿ ಬೇಡ ಎಂದಿದ್ದರು. ನಾವು ಒಂದೆರಡು ಸಲ ಹೇಳಿ ನೋಡಿ, ಆಮೇಲೆ ಹೂಂ ಎಂದು, ಅಗೆದು ತೆಗೆದಿದ್ದ ಜೇಡಿಮಣ್ಣನ್ನೇ ವಾಪಸ್ ತುಂಬಿಸಿದ್ದೆವು. ವೀಪ್ ಹೋಲ್‌ಗಳೇನೋ ಇದ್ದವು. ಗೋಡೆಗೆ ಬಣ್ಣ ಹೊಡೆಯುವ ಮುಂಚೆ ಅಂದ ಕೆಡುತ್ತದೆಂದು ಅವುಗಳ ಬಾಯಿಗೂ ಪ್ಲಾಸ್ಟರ್ ಬಳಿಯಲಾಗಿತ್ತು. ಬಳಿದವರು ನಮ್ಮ ಕಡೆಯವರೇ.

ಬೆಳಗಿನ ಜಾವ ಫೋನ್ ಬಂತು. ಹೋಗಿ ನೋಡಿದರೆ ಗೋಡೆಯ ನಡುಮಟ್ಟದಲ್ಲಿ ಉದ್ದಕ್ಕೂ ಬಿರುಕು, ತಲೆ ಒಂದು ಗೇಣು ಮುಂದೆ. ನಮ್ಮ ಮೇಸ್ತ್ರಿ ಉಳಿಯಿಂದ ಪ್ಲಾಸ್ಟರ್ ಕೆತ್ತಿ, ಸರಳಿನ ತುಂಡೊಂದನ್ನು ತೂತಿನೊಳಗೆ ಬಡಿದು ಇಳಿಸಿದರು. ಮೊದಲು ಏನೂ ಬರಲಿಲ್ಲ. ಸರಳನ್ನು ಹೊರಗೆಳೆದದ್ದೇ ತಡ, ಕೆಂಪು ನೀರು ಮೊಣಕೈ ದಪ್ಪಕ್ಕೆ ಚಿಮ್ಮಿ ಎದುರಿಗೆ ನಿಂತಿದ್ದವರ ಪ್ಯಾಂಟನ್ನೆಲ್ಲ ತೋಯಿಸಿತು. ಕಾಲು ಗಂಟೆಯಾದರೂ ಅದರ ರಭಸ ಇಳಿಯಲಿಲ್ಲ. ಅಷ್ಟು ನೀರನ್ನು ಆ ಗೋಡೆ ರಾತ್ರಿಯಿಡೀ ಬೆನ್ನ ಮೇಲೆ ಹೊತ್ತುಕೊಂಡು ನಿಂತಿತ್ತು. ಆ ಭಾಗವನ್ನು ಒಡೆದು ನಮ್ಮ ಖರ್ಚಿನಲ್ಲಿ ಮತ್ತೆ ಕಟ್ಟಿಕೊಟ್ಟೆವು. ಅದು ದೊಡ್ಡಸ್ತಿಕೆಯ ಮಾತಲ್ಲ. ಮನೆಯವರು ಮಕ್ಕಳನ್ನು ಕರೆದುಕೊಂಡು ಮುಂದಿನ ಕೋಣೆಯಲ್ಲಿ ಎರಡು ರಾತ್ರಿ ನಿದ್ದೆಗೆಟ್ಟರಲ್ಲ, ಅದನ್ನು ಯಾವ ಬಿಲ್ಲಿನಲ್ಲಿ ವಜಾ ಮಾಡುವುದು? ಅವರಲ್ಲಿ ಕ್ಷಮೆ ಕೇಳಿದ್ದೇವೆ. ‘ಬೇಡ’ ಎಂದವರ ಮಾತಿಗೆ ತಲೆಯಾಡಿಸಿ ಇಂಥ ಕೆಲಸ ಮಾಡಿಕೊಟ್ಟ ಬೇರೆ ಮನೆಗಳೂ ಇವೆ. ಅವರಲ್ಲಿ ಈ ಪತ್ರದ ಮೂಲಕ ಕೇಳುತ್ತಿದ್ದೇವೆ.

ಇನ್ನು ನಾವು ಅತಿ ಹೆಚ್ಚು ಕೇಳಿರುವ ದೂರು. ‘ಪಕ್ಕದ ಮನೆಯ ಗೋಡೆಗೆ ಇದೊಂದೂ ಇಲ್ಲ, ಎಷ್ಟೋ ವರ್ಷದಿಂದ ನಿಂತಿದೆ. ನಿಮ್ಮನ್ನು ಗೋಡೆ ಕಟ್ಟಲು ಕರೆದರೆ ಚರಂಡಿ ಮಾರುತ್ತೀರಿ.’

ಪಕ್ಕದ ಮನೆಯ ಗೋಡೆಯ ಮೇಲೆ ನಮಗೆ ಯಾವ ಹೊಟ್ಟೆಕಿಚ್ಚೂ ಇಲ್ಲ. ಆದರೆ ಹೋಗಿ ಹತ್ತಿರದಿಂದ ನೋಡಿ. ಸಿಮೆಂಟ್ ಇಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ ಗೋಡೆಯಾಗಿದ್ದರೆ ಅದರ ಪ್ರತಿ ಸಂದಿಯೂ ವೀಪ್ ಹೋಲೇ. ಹಿಂದಿನವರು ಬಸಿಯುವ ವ್ಯವಸ್ಥೆಯನ್ನು ಬೇರೆ ಮಾಡಲಿಲ್ಲ, ಗೋಡೆಯೇ ಬಸಿಯುತ್ತಿತ್ತು. ಸಂದಿ ಮುಚ್ಚಿ ಕಾಂಕ್ರೀಟ್ ಹಾಕಲು ಶುರುಮಾಡಿದ ಮೇಲೆ ನೀರಿಗೆ ದಾರಿ ನಾವು ಮಾಡಿಕೊಡಬೇಕಾಯಿತು. ಇಲ್ಲವೇ ಆ ಗೋಡೆ ಸೊಂಟದೆತ್ತರದ್ದಿರಬಹುದು. ಎತ್ತರ ಎರಡು ಪಟ್ಟಾದರೆ ಹಿಂದಿನ ಮಣ್ಣಿನ ತಳ್ಳು ನಾಲ್ಕು ಪಟ್ಟು, ಗೋಡೆಯನ್ನು ಬುಡದಿಂದ ಮಗುಚುವ ಬಲ ಎಂಟು ಪಟ್ಟು. ಸೊಂಟದೆತ್ತರದ ಗೋಡೆ ನಿಂತಿದೆ ಎಂಬುದು ನಿಮ್ಮ ತಲೆ ಮೀರಿದ ಗೋಡೆಗೆ ಸಾಕ್ಷಿಯಾಗುವುದಿಲ್ಲ. ಅದೂ ಅಲ್ಲದಿದ್ದರೆ ಒಂದು ತೂಕದ ಗುಂಡು ಇಳಿಬಿಟ್ಟು ನೋಡಿ. ನಿಂತಿದೆ ಎಂದುಕೊಂಡ ಗೋಡೆ ವರ್ಷಕ್ಕಿಷ್ಟು ಎಂದು ಬಗ್ಗುತ್ತಾ ಬಂದಿರುತ್ತದೆ, ದಿನಾ ನೋಡುವವರಿಗೆ ಗೊತ್ತಾಗುವುದಿಲ್ಲ.

ಲೆಕ್ಕ ಬೇಕೆನ್ನುವವರಿಗೆ ಲೆಕ್ಕ. 3 ಮೀಟರ್ ಎತ್ತರದ ಗೋಡೆಯ ಹಿಂದೆ ಒಣ ಮರಳುಮಣ್ಣು ಇದ್ದರೆ, ಗೋಡೆಯ ಒಂದೊಂದು ಮೀಟರ್ ಉದ್ದದ ಮೇಲೆ ಬೀಳುವ ತಳ್ಳು ಸುಮಾರು 2.7 ಟನ್. ಅದೇ ಜಾಗದಲ್ಲಿ ನೀರು ಮೇಲಿನವರೆಗೆ ನಿಂತರೆ ನೀರೊಂದರದ್ದೇ 4.5 ಟನ್. ಮಣ್ಣಿನ ಕಣಗಳು ಒಂದಕ್ಕೊಂದು ಒರಗಿ ತಮ್ಮ ಭಾರವನ್ನು ಬಹುಪಾಲು ತಾವೇ ಹೊರುತ್ತವೆ, ನೀರಿಗೆ ಆ ಗುಣವಿಲ್ಲ. ನೀರಿನಲ್ಲಿ ಮುಳುಗಿದ ಮಣ್ಣು ಅರ್ಧದಷ್ಟು ಹಗುರಾಗುತ್ತದೆ, ನಿಜ. ಆದರೂ ಎರಡೂ ಸೇರಿ ಸುಮಾರು 5.8 ಟನ್, ಅಂದರೆ ಮೊದಲಿನ ಎರಡು ಪಟ್ಟಿಗಿಂತ ಹೆಚ್ಚು. ಇದನ್ನು ತಡೆಯುವಂಥ ಗೋಡೆಯನ್ನೂ ಕಟ್ಟಬಹುದು, ಕಟ್ಟಿಕೊಡುತ್ತೇವೆ ಕೂಡ. ಆದರೆ ಅದರ ಪಾಯದ ಅಗಲ, ಕಬ್ಬಿಣದ ತೂಕ ನೋಡಿದ ಮೇಲೆ ಜಲ್ಲಿಯೇ ವಾಸಿ ಎಂದು ನೀವೇ ಹೇಳುತ್ತೀರಿ.

ಜಲ್ಲಿಯ ವಿಷಯಕ್ಕೇ ಬರೋಣ, ಏಕೆಂದರೆ ‘ಜಲ್ಲಿಯಲ್ಲಿ ದುಡ್ಡು ಹೊಡೆಯುತ್ತಾರೆ’ ಎಂಬ ಮಾತು ನಮ್ಮ ಕಿವಿಗೂ ಬಿದ್ದಿದೆ. 10 ಮೀಟರ್ ಉದ್ದ, 3 ಮೀಟರ್ ಎತ್ತರದ ಗೋಡೆಯ ಹಿಂದೆ 30 ಸೆಂಟಿಮೀಟರ್ ದಪ್ಪಕ್ಕೆ ಜಲ್ಲಿ ತುಂಬಲು 9 ಘನ ಮೀಟರ್ ಬೇಕು. ತೂಕ ಸುಮಾರು 14 ಟನ್. ಟಿಪ್ಪರ್ ಅದನ್ನು ರಸ್ತೆಬದಿಯಲ್ಲಿ ಸುರಿದು ಹೋಗುತ್ತದೆ, ಗೋಡೆ ಇರುವುದು ಮನೆಯ ಹಿಂದೆ. ಬಾಂಡ್ಲಿಗೆ 25 ಕಿಲೋ ಎಂದರೆ 560 ಬಾಂಡ್ಲಿ, ಒಂದೊಂದೂ ತಲೆಯ ಮೇಲೆ. ಅಗೆದ ಜೇಡಿಮಣ್ಣನ್ನು ಅದೇ ದಾರಿಯಲ್ಲಿ ಹೊರಗೆ ಸಾಗಿಸಬೇಕು. ಜಲ್ಲಿ ತೊಳೆದದ್ದೇ ಬೇಕು. ಪುಡಿ ಬೆರೆತದ್ದು ಕಡಿಮೆಗೆ ಸಿಗುತ್ತದೆ, ಆದರೆ ಆ ಪುಡಿ ಇಳಿದು ಕೂರುವುದು ಪೈಪಿನ ತೂತಿನಲ್ಲೇ. ಇದರಲ್ಲಿ ಲಾಭ ಎಲ್ಲಿದೆ ಎಂದು ನಾವೂ ಹುಡುಕುತ್ತಿದ್ದೇವೆ.

ಕಡಲ ಹತ್ತಿರದ ಮನೆಗಳಿಗೆ ಇನ್ನೂ ಒಂದಿಷ್ಟು ಖರ್ಚು ಸೇರುತ್ತದೆ, ಅದನ್ನೂ ಮುಚ್ಚಿಡುವುದಿಲ್ಲ. ‘ನಮ್ಮದು ಮರಳು ನೆಲ, ನೀರು ತಾನೇ ಇಂಗುತ್ತದೆ’ ಎನ್ನುವವರಿದ್ದಾರೆ. ಇಂಗುತ್ತದೆ, ಕೆಳಗೆ ಜಾಗ ಇದ್ದರೆ. ಅಳಿವೆ, ಹಿನ್ನೀರಿನ ಅಂಚಿನಲ್ಲಿ ಉಬ್ಬರದ ಹೊತ್ತಿಗೆ ನೆಲದೊಳಗಿನ ನೀರೂ ಏರುತ್ತದೆ, ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು ಇನ್ನೂ ಹೆಚ್ಚು. ನಿಜವಾದ ಅಪಾಯ ಬರುವುದು ಇಳಿತದಲ್ಲಿ. ಎದುರಿನ ನೀರು ಬೇಗ ಇಳಿದುಬಿಡುತ್ತದೆ, ಗೋಡೆಯ ಹಿಂದಿನದು ಅಷ್ಟು ಬೇಗ ಇಳಿಯುವುದಿಲ್ಲ. ಮುಂದಿನ ಆಸರೆ ಹೋಯಿತು, ಹಿಂದಿನ ತಳ್ಳು ಉಳಿಯಿತು. ಅಂಥ ಕಡೆ ಪೈಪಿನ ಬಾಯಿಯನ್ನು ಉಬ್ಬರದ ಮಟ್ಟಕ್ಕಿಂತ ಮೇಲಿಡಬೇಕು. ಆಗದಿದ್ದರೆ ನೀರು ಹೊರಗೆ ಮಾತ್ರ ಹೋಗುವಂಥ ಮುಚ್ಚಳದ ವಾಲ್ವ್ ಹಾಕಬೇಕು, ಜೊತೆಗೆ ಮರಳು ಕಟ್ಟಿದಾಗ ತೆಗೆಯಲು ಮೇಲಿನಿಂದ ಒಂದು ಬಾಯಿ. ಈ ಬಾಯಿ ಏಕೆ ಎಂದು ಎಲ್ಲರೂ ಕೇಳುತ್ತಾರೆ. ಅದಿಲ್ಲದಿದ್ದರೆ ಪೈಪು ಕಟ್ಟಿಕೊಂಡ ದಿನ 14 ಟನ್ ಜಲ್ಲಿಯನ್ನು ಮತ್ತೆ ಎತ್ತಬೇಕು.

ಉಪ್ಪಿನ ಕಥೆ ಬೇರೆ. ಉಪ್ಪುಗಾಳಿ, ಉಪ್ಪುನೀರು ಕಾಂಕ್ರೀಟಿನೊಳಗೆ ನಿಧಾನವಾಗಿ ಇಳಿದು ಕಬ್ಬಿಣಕ್ಕೆ ತಲುಪಿದರೆ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಕು. ಅದು ಒಳಗಿನಿಂದ ಉಬ್ಬಿ ಕಾಂಕ್ರೀಟನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ. ಹಿಂದೆ ನಿಂತ ನೀರು ಗೋಡೆಯನ್ನು ಸದಾ ಒದ್ದೆಯಾಗಿಟ್ಟರೆ ಇದು ಇನ್ನೂ ಬೇಗ. ಅದಕ್ಕೆ ಕಬ್ಬಿಣದ ಮೇಲೆ 50 ಮಿಲಿಮೀಟರ್ ಕವರ್, ಅಂದರೆ ಕಾಂಕ್ರೀಟಿನ ಹೊದಿಕೆ, ಬಿಡುತ್ತೇವೆ, ಕಬ್ಬಿಣದ ಕುಲುಮೆಯ ಕಿಟ್ಟ ಬೆರೆಸಿದ ಸ್ಲ್ಯಾಗ್ ಸಿಮೆಂಟ್ ಬಳಸುತ್ತೇವೆ, ಕಾಂಕ್ರೀಟಿಗೆ ನೀರು ಹೆಚ್ಚು ಸುರಿಯಲು ಬಿಡುವುದಿಲ್ಲ. ಕಡಲ ಮರಳನ್ನಂತೂ ಸೈಟಿಗೆ ಸೇರಿಸುವುದಿಲ್ಲ, ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ. ಆ ಅಂತರ ಉಳಿಯಲು ಕಬ್ಬಿಣಕ್ಕೆ ಕೊಡುವ ಕವರ್ ಬ್ಲಾಕ್ ಬದಲು ಕಲ್ಲಿನ ಚೂರು ಸಿಕ್ಕಿಸುವ ಚಾಳಿ ನಮ್ಮ ಹುಡುಗರಲ್ಲೂ ಇತ್ತು, ಬಿಡಿಸಿದ್ದೇವೆ.

ಎಸ್ಟಿಮೇಟ್ ಬಿಟ್ಟು ಇನ್ನೆರಡು ಬದಲಾವಣೆ. ಎದೆಮಟ್ಟಕ್ಕಿಂತ ಎತ್ತರದ ಗೋಡೆಗೆ ಎಂಜಿನಿಯರ್ ಡ್ರಾಯಿಂಗ್ ಇಲ್ಲದೆ ಗುದ್ದಲಿ ಹಾಕುವುದಿಲ್ಲ. ಡ್ರಾಯಿಂಗ್ ಯಾರಿಂದ ಮಾಡಿಸುವುದೆಂಬುದು ನಿಮ್ಮಿಷ್ಟ. ಮತ್ತೆ, ಹಿಂದೆ ಮಣ್ಣು ತುಂಬುವ ದಿನ ಮನೆಯವರೊಬ್ಬರು ಸೈಟಿನಲ್ಲಿ ಇರಲೇಬೇಕು. ಆ ದಿನ ಮುಚ್ಚಿದ್ದು ಆಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಪೈಪಿನ ತೂತು ಕೆಳಮುಖವಾಗಿದೆಯೇ, ಪೈಪು ಹೊರಬಾಯಿಯ ಕಡೆಗೆ 100 ಅಡಿಗೆ 1 ಅಡಿಯಾದರೂ ಇಳಿದಿದೆಯೇ, ಬಟ್ಟೆ ಬರೀ ಪೈಪಿಗಲ್ಲದೆ ಜಲ್ಲಿಗೂ ಮಣ್ಣಿಗೂ ನಡುವೆ ಬಂದಿದೆಯೇ, ನಿಂತು ನೋಡಿ. ತೂತು ಮೇಲ್ಮುಖವಾಗಿರಬೇಕೆಂದು ವಾದಿಸುವವರು ಬಹಳ ಜನ. ಹಾಗಿಟ್ಟರೆ ನೀರು ಪೈಪಿನ ನೆತ್ತಿಯವರೆಗೆ ಏರಿದ ಮೇಲೆ ಒಳಗೆ ಹೋಗುತ್ತದೆ. ಕೆಳಮುಖವಾಗಿದ್ದರೆ ತಳದಲ್ಲಿ ನೀರು ಕೂಡಿದ ಕೂಡಲೇ ಹೊರಡುತ್ತದೆ.

ವೀಪ್ ಹೋಲಿನ ಕೆಳಗೆ ಗೋಡೆಯ ಮೇಲೆ ಕಲೆ ಬೀಳುತ್ತದೆ ಎಂಬ ದೂರಿಗೆ ನಮ್ಮಲ್ಲಿ ಒಳ್ಳೆಯ ಉತ್ತರವಿಲ್ಲ. ಬೀಳುತ್ತದೆ. ಪೈಪನ್ನು ಗೋಡೆಯಿಂದ ನಾಲ್ಕು ಬೆರಳು ಹೊರಗೆ ಚಾಚಿ ಬಿಟ್ಟರೆ ಕಡಿಮೆಯಾಗುತ್ತದೆ, ಇನ್ನು ಮುಂದೆ ಹಾಗೇ ಬಿಡುತ್ತೇವೆ.

ಹಳೆಯ ಗ್ರಾಹಕರಿಗೆ ಒಂದು ಮಾತು. ನಾವು ಕಟ್ಟಿದ ಗೋಡೆ ಎಷ್ಟೇ ಹಳೆಯದಿರಲಿ, ಮಳೆ ಹಿಡಿಯುವ ಮುಂಚೆ ಒಂದು ಫೋನ್ ಮಾಡಿ. ಮೇಸ್ತ್ರಿ ಬಂದು ತೂತುಗಳಿಗೆ ಸರಳು ಹಾಕಿ ನೋಡುತ್ತಾರೆ, ಮಾಡಿನ ನೀರು ಇಳಿಯುವ ಪೈಪು ಗೋಡೆಯ ಹಿಂದೆಯೇ ಸುರಿಯುತ್ತಿದೆಯೇ ಎಂದೂ ನೋಡುತ್ತಾರೆ. ಇದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ. ಜಲ್ಲಿ ಬೇಡ ಎಂದು ಬಿಡಿಸಿದ್ದವರು ಸಂಕೋಚಪಡಬೇಡಿ, ಅಲ್ಲಿಗೆ ಮೊದಲು ಬರುತ್ತೇವೆ. ನಮ್ಮ ದರ ಹೊಂದದೆ ಬೇರೆಯವರಿಂದ ಕಟ್ಟಿಸಿದರೂ ನಮಗೆ ಬೇಸರವಿಲ್ಲ. ಹಿಂದೆ ತುಂಬುವ ದಿನ ಮಾತ್ರ ಅಲ್ಲಿ ನಿಂತುಕೊಳ್ಳಿ.

ಇಂತಿ ನಿಮ್ಮ ವಿಶ್ವಾಸಿಗಳು,
ಕಚೇರಿ ಮತ್ತು ಸೈಟಿನ ಎಲ್ಲರ ಪರವಾಗಿ

ತಾ.ಕ.: ಮಳೆ ಬಂದಾಗ ತೂತಿನಿಂದ ತಿಳಿನೀರು ಬರುತ್ತಿದ್ದರೆ ಗೋಡೆ ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಕೆಸರು ಬರುತ್ತಿದ್ದರೆ ಹಿಂದಿನ ಮಣ್ಣು ತೊಳೆದು ಹೋಗುತ್ತಿದೆ. ಭಾರೀ ಮಳೆಯಲ್ಲೂ ಏನೂ ಬರದಿದ್ದರೆ, ರಾತ್ರಿಯಾದರೂ ಸರಿ, ಫೋನ್ ಮಾಡಿ.