ಸಸಿ ನೆಡುವ ಮುಂಚೆ ಅಲ್ಲಿರುವ ಪೊದೆ ನೋಡಿ

ಮಾನ್ಯ ಸಂಪಾದಕರೇ,

ಮುಂಗಾರು ಶುರುವಾದರೆ ನಮ್ಮ ಕೊರಟಗೆರೆ, ಮಧುಗಿರಿ ಕಡೆ ಬೆಟ್ಟದ ತಪ್ಪಲಲ್ಲಿ ಸಸಿ ನೆಡುವ ಕೆಲಸವೂ ಶುರು. ಒಳ್ಳೆಯದೇ. ಆದರೆ ಗುಂಡಿ ತೆಗೆಯೋಕೆ ಜೆಸಿಬಿ ತಂದು ಅಲ್ಲಿದ್ದ ತಂಗಡಿ, ಬಂದರಿಕೆ, ಕವಳೆ, ಲಕ್ಕಿ ಗಿಡಗಳನ್ನೆಲ್ಲ ಬೇರು ಸಮೇತ ಕಿತ್ತು ಗುಡ್ಡೆ ಹಾಕುತ್ತಾರೆ. ಕೇಳಿದರೆ ‘ಬರೀ ಪೊದೆ ಅಲ್ವಾ, ಪಾಳು ಜಾಗ’ ಅಂತಾರೆ. ದಯವಿಟ್ಟು ಇದು ನಿಲ್ಲಬೇಕು.

ಪಾಳು ಅನ್ನುವುದು ಅವರೊಬ್ಬರ ಮಾತಲ್ಲ, ಕೇಂದ್ರ ಸರ್ಕಾರದ ಪಾಳುಭೂಮಿ ನಕಾಶೆಯಲ್ಲೇ ಕುರುಚಲು ಜಮೀನನ್ನು ಆ ಲೆಕ್ಕಕ್ಕೆ ಸೇರಿಸಿದ್ದಾರೆ. ಅದು ನಿಜಕ್ಕೂ ಪಾಳೇ ಅಂತ ತಿಳಿಯಬೇಕಾದರೆ ಹೂ ಬಿಟ್ಟ ತಂಗಡಿ ಗಿಡದ ಹತ್ತಿರ ಸುಮ್ನೆ ಐದು ನಿಮಿಷ ನಿಂತು ನೋಡಿ. ಆ ಹಳದಿ ಹೂವಿನಲ್ಲಿ ಮಕರಂದ ಇಲ್ಲ. ಇರುವುದು ಪರಾಗ ಮಾತ್ರ, ಅದೂ ಕೇಸರದ ತುದಿಯ ಸಣ್ಣ ತೂತಿನ ಒಳಗೆ. ಮರ ಕೊರೆಯುವ ದೊಡ್ಡ ಕಪ್ಪು ದುಂಬಿ ಬಂದು, ಹೂವನ್ನು ಕಾಲಲ್ಲಿ ಗಟ್ಟಿಯಾಗಿ ಹಿಡಿದು ಝುಂ ಅಂತ ಮೈ ನಡುಗಿಸುತ್ತದೆ, ಆಗ ಪುಡಿ ಚಿಮ್ಮಿ ಅದರ ಹೊಟ್ಟೆಗೆಲ್ಲ ಮೆತ್ತಿಕೊಳ್ಳುತ್ತದೆ. ಟೊಮೆಟೊ, ಬದನೆ ಹೂವೂ ಪರಾಗ ಬಿಡುವುದು ಹೀಗೆ ನಡುಗಿಸಿದಾಗಲೇ ಜಾಸ್ತಿ. ತೋಟದಲ್ಲಿ ಬೆಳೆ ಇಲ್ಲದ ತಿಂಗಳುಗಳಲ್ಲಿ ಈ ದುಂಬಿಗೆ ಊಟ ಹಾಕುವುದು ಬೇಲಿ ಸಾಲಿನ ಪೊದೆಗಳೇ.

ಮಳೆಯನ್ನೂ ಈಗ ನಂಬುವ ಹಾಗಿಲ್ಲ. 2021ರ ನವೆಂಬರಿನಲ್ಲಿ ನಮ್ಮ ಕಡೆಯ ಕೆರೆಗಳು ಕೋಡಿ ಬಿದ್ದವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ತಂಗಡಿ ಗಟ್ಟಿ ಗಿಡ, ಒಂದೆರಡು ಬರಕ್ಕೆ ಜಗ್ಗುವುದಿಲ್ಲ. ಬೆಟ್ಟದ ಸಂದಿಯ ತಂಪಿಗೆ ಒಗ್ಗಿಕೊಂಡ ಗಿಡಗಳ ಕಥೆ ಬೇರೆ. ಬಿಸಿಲು ಏರಿದ ಹಾಗೆ ಅವು ತಂಪಿರುವ ಕಡೆಗೆ ಸರಿಯಬೇಕು, ಅಂದರೆ ಬೀಜ ಹೋಗಬೇಕು. ಕವಳೆ ಹಣ್ಣನ್ನು ಪಿಕಳಾರ ತಿಂದು ಬೇರೆಲ್ಲೋ ಹಿಕ್ಕೆ ಹಾಕುತ್ತದೆ. ತಂಗಡಿ ಕಾಯಿ ಒಣಗಿ ಹೆಚ್ಚಾಗಿ ಗಿಡದ ಬುಡಕ್ಕೇ ಬೀಳುತ್ತದೆ. ನಮ್ಮ ಬೆಟ್ಟಗಳೋ ಒಂದೊಂದು ಒಂದೊಂದು ಕಡೆ. ದೇವರಾಯನದುರ್ಗದ ಎತ್ತರವೇ ಸುಮಾರು 1,200 ಮೀಟರ್. ಅದರ ತುದಿ ಮುಟ್ಟಿದ ಗಿಡ ಇನ್ನೆಲ್ಲಿಗೆ ಹತ್ತಬೇಕು?

ಇದನ್ನೆಲ್ಲ ಯೋಚಿಸಿ ಕೆಲಸ ಮಾಡಿದವರಿದ್ದಾರೆ. ದಕ್ಷಿಣ ಆಫ್ರಿಕಾದ ಕೇಪ್ ಸೀಮೆಯಲ್ಲಿ ಪ್ರೋಟಿಯಾ ಎಂಬ ಹೂಪೊದೆಗಳಿವೆ. 1991ರಿಂದ ಹತ್ತು ವರ್ಷ ಸ್ವಯಂಸೇವಕರು ಬೆಟ್ಟ ಬೆಟ್ಟ ತಿರುಗಿ ಯಾವುದು ಎಲ್ಲಿದೆ ಅಂತ ಬರೆದಿಟ್ಟರು. ಆ ಲೆಕ್ಕ ಇಟ್ಟುಕೊಂಡು ಸಂಶೋಧಕರು, 2050ರವರೆಗೆ ಹತ್ತತ್ತು ವರ್ಷಕ್ಕೆ ಯಾವ ಗಿಡಕ್ಕೆ ಯಾವ ಜಾಗ ಒಗ್ಗೀತು, ಬೀಜ ಎಷ್ಟು ದೂರ ಹೋದೀತು ಅಂತ ಅಂದಾಜು ಮಾಡಿ, ಈಗಿನ ಜಾಗದಿಂದ ಮುಂದಿನ ಜಾಗಕ್ಕೆ ಕೊಂಡಿ ತಪ್ಪದಂತೆ ಯಾವ ನೆಲ ಉಳಿಸಬೇಕು ಅಂತ 2005ರಲ್ಲೇ ತೋರಿಸಿಕೊಟ್ಟರು.

ನಮ್ಮಲ್ಲಿ ಆ ಕೊಂಡಿ ಇನ್ನೂ ಪೂರ್ತಿ ಕಡಿದಿಲ್ಲ. ಜಯಮಂಗಲಿ ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಕಡೆ ಹರಿಯುತ್ತದೆ. ಅದರ ದಡ, ಅದಕ್ಕೆ ಸೇರುವ ಹಳ್ಳಗಳ ಅಂಚು, ಗೋಮಾಳ, ಬದು, ಗಾಡಿದಾರಿಯ ಬೇಲಿ ಇವೆಲ್ಲ ಸೇರಿದರೆ ಸಿದ್ದರಬೆಟ್ಟ, ಚನ್ನರಾಯನದುರ್ಗ, ಮಧುಗಿರಿ, ಮಿಡಿಗೇಶಿ ಬೆಟ್ಟಗಳ ನಡುವೆ ಬೀಜಕ್ಕೂ ದುಂಬಿಗೂ ದಾರಿ ಸಿಗುತ್ತದೆ. ಒತ್ತುವರಿ, ಲಂಟಾನ ಕಳೆ, ಬೇಸಿಗೆಯಲ್ಲಿ ಹುಲ್ಲಿಗೆ ಹಚ್ಚುವ ಬೆಂಕಿ, ಇವು ಆ ದಾರಿಯನ್ನು ತುಂಡು ಮಾಡುತ್ತಿವೆ.

ಜಿಲ್ಲಾಡಳಿತ ಹೊಸ ಕಾನೂನು ತರಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಸಮಿತಿ ಇರಬೇಕು, ಅದು ಜನರ ಜೊತೆ ಕೂತು ಊರಿನ ಗಿಡ, ಪ್ರಾಣಿಗಳ ದಾಖಲಾತಿ ಬರೆಯಬೇಕು. ಅದರಲ್ಲಿ ಈ ಪೊದೆಗಳಿಗೂ ಒಂದು ಪುಟ ಇರಲಿ: ಬೆಟ್ಟದ ಯಾವ ಮಗ್ಗುಲಲ್ಲಿ ಏನಿದೆ, ಯಾವ ತಿಂಗಳು ಹೂ, ಈ ವರ್ಷ ಮುಂಚೆ ಬಂತೋ ತಡವಾಯಿತೋ. ಕುರಿ ಕಾಯುವವರನ್ನು ಕೇಳಿದರೆ ಅರ್ಧ ಅಲ್ಲೇ ಸಿಗುತ್ತದೆ. ಶಾಲೆ ಮಕ್ಕಳು ವರ್ಷ ವರ್ಷ ಬರೆದುಕೊಂಡು ಹೋಗಬಹುದು. ಇಲಾಖೆಯ ನರ್ಸರಿಗಳು ಹೊಂಗೆ, ಬೇವಿನ ಜೊತೆ ಕವಳೆ, ತಂಗಡಿ, ಲಕ್ಕಿ ಸಸಿಗಳನ್ನೂ ಬೆಳೆಸಲಿ, ಕೊಂಡಿ ತಪ್ಪಿದ ಕಡೆ ಅವನ್ನೇ ನೆಡಲಿ.

ಈ ಸಲದ ವನಮಹೋತ್ಸವಕ್ಕೆ ಜೆಸಿಬಿ ಕರೆಸುವ ಮುಂಚೆ ಆ ಜಾಗವನ್ನು ಗಿಡ ಬಲ್ಲವರೊಬ್ಬರು ಊರಿನವರ ಜೊತೆ ಒಮ್ಮೆ ನಡೆದು ನೋಡಲಿ. ಪೊದೆ ಇದ್ದರೆ ಬಿಟ್ಟುಬಿಡಿ. ಗುಂಡಿ ತೆಗೆಯೋಕೆ ಹಳೇ ಕ್ವಾರಿ, ನೀಲಗಿರಿ ಕಿತ್ತ ಬೋಳು ಜಾಗ, ರಸ್ತೆ ಬದಿ ಬೇಕಾದಷ್ಟಿದೆ.

ಇಂತಿ,
ಒಬ್ಬ ಓದುಗ, ಕೊರಟಗೆರೆ ತಾಲ್ಲೂಕು, ತುಮಕೂರು ಜಿಲ್ಲೆ